ಒಂದು ಪಾಲು ಸಕ್ಕರೆ, ನಾಲ್ಕು ಪಾಲು ನೀರು

ಏಪ್ರಿಲ್ ಕಾಲಿಟ್ಟರೆ ಸಾಕು, ಅಮೆರಿಕದ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೆಂಪು ತಳದ ಪುಟ್ಟ ಬಾಟಲಿಗಳು ಸಾಲುಗಟ್ಟಿ ನಿಲ್ಲುತ್ತವೆ. ತಲೆಕೆಳಗಾಗಿ ತೂಗುಹಾಕುವ ಬಾಟಲಿ, ಅದರ ಬುಡದಲ್ಲಿ ಪ್ಲಾಸ್ಟಿಕ್ ಹೂಗಳು, ಒಂದೊಂದು ಹೂವಿನ ನಡುವೆಯೂ ಸಣ್ಣದೊಂದು ತೂತು. ಹಮ್ಮಿಂಗ್‌ಬರ್ಡ್‌ಗಳಿಗೆ ಸಕ್ಕರೆ ನೀರು ಕುಡಿಸುವ ಫೀಡರ್ ಇದು. ಮಗಳ ಬಾಣಂತನಕ್ಕೋ ಮೊಮ್ಮಕ್ಕಳ ಬೇಸಿಗೆ ರಜೆಗೋ ಎಂದು ನ್ಯೂಜೆರ್ಸಿ, ನಾರ್ತ್ ಕೆರೊಲಿನಾ, ಟೆಕ್ಸಾಸ್ ಕಡೆಗೆ ಹೋಗಿ ತಿಂಗಳುಗಟ್ಟಲೆ ಉಳಿಯುವ ನಮ್ಮ ಹಿರಿಯರಿಗೆ ಇದು ಹೊಸದಲ್ಲ. ಮಗ ಸೊಸೆ ಕೆಲಸಕ್ಕೆ ಹೊರಟ ಮೇಲೆ ಹಿತ್ತಲಿನ ಈ ಬಾಟಲಿಯ ಉಸ್ತುವಾರಿ ಎಷ್ಟೋ ಮನೆಗಳಲ್ಲಿ ಅವರ ಪಾಲಿಗೇ ಬರುತ್ತದೆ. ಅಲ್ಲೇ ನೆಲೆಸಿರುವ ಕನ್ನಡಿಗರಿಗಂತೂ ಮಕ್ಕಳ ಜೊತೆ ಕೂತು ನೋಡಲು ಇದಕ್ಕಿಂತ ಚೆಂದದ ನೋಟ ಬೇಸಿಗೆಯಲ್ಲಿ ಮತ್ತೊಂದಿಲ್ಲ.

ಈ ಹಕ್ಕಿಯನ್ನು ಕರೆಯುವುದು ಸುಲಭ. ಕರೆದ ಮೇಲೆ ಅದಕ್ಕೆ ಕೇಡಾಗದಂತೆ ನೋಡಿಕೊಳ್ಳುವುದರಲ್ಲೇ ನಿಜವಾದ ಕೆಲಸವಿರುವುದು. ಅದಕ್ಕೆ ಮೊದಲು ನಮ್ಮ ಅತಿಥಿ ಎಂಥದು ಎಂಬುದನ್ನು ತಿಳಿದುಕೊಳ್ಳಬೇಕು.

ಹಮ್ಮಿಂಗ್‌ಬರ್ಡ್ ಇಂದು ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ಉತ್ತರದ ಅಲಾಸ್ಕಾದಿಂದ ದಕ್ಷಿಣದ ತುದಿಯ ತಿಯೆರ ದೆಲ್ ಫುಯೆಗೊವರೆಗೆ ಸುಮಾರು 360 ಪ್ರಭೇದಗಳು ಹರಡಿಕೊಂಡಿವೆ. ಜಗತ್ತಿನ ಅತಿ ಚಿಕ್ಕ ಹಕ್ಕಿಯೂ ಇದೇ ಕುಟುಂಬದ್ದು. ಕ್ಯೂಬಾದ ಬೀ ಹಮ್ಮಿಂಗ್‌ಬರ್ಡ್‌ನ ತೂಕ ಸುಮಾರು 2 ಗ್ರಾಂ. ಅಮೆರಿಕದ ಪೂರ್ವಾರ್ಧದಲ್ಲಿ, ಅಂದರೆ ನ್ಯೂಯಾರ್ಕ್, ನ್ಯೂಜೆರ್ಸಿ, ವರ್ಜೀನಿಯಾ, ಜಾರ್ಜಿಯಾಗಳಲ್ಲಿ, ಗೂಡು ಕಟ್ಟಿ ಮರಿ ಮಾಡುವುದು ಒಂದೇ ಪ್ರಭೇದ. ಅದು ರೂಬಿ ಥ್ರೋಟೆಡ್ ಹಮ್ಮಿಂಗ್‌ಬರ್ಡ್. ತೂಕ 3 ಗ್ರಾಂ ಆಸುಪಾಸು. ಬೆನ್ನು ಹೊಳೆಯುವ ಹಸಿರು. ಗಂಡಿನ ಕೊರಳು ಬಿಸಿಲು ಬಿದ್ದಾಗ ಮಾಣಿಕ್ಯದಂತೆ ಕೆಂಪಗೆ ಉರಿಯುತ್ತದೆ, ನೆರಳಿಗೆ ಸರಿದರೆ ಕಪ್ಪಗಾಗುತ್ತದೆ. ಹೆಣ್ಣಿಗೆ ಆ ಕೆಂಪಿಲ್ಲ, ಅದರ ಕೊರಳು ಬಿಳಿ. ಪಶ್ಚಿಮ ಕರಾವಳಿಯಲ್ಲಿ ವರ್ಷವಿಡೀ ಕಾಣುವುದು ಆನಾಸ್ ಹಮ್ಮಿಂಗ್‌ಬರ್ಡ್. ರೂಫಸ್ ಎಂಬ ಕಂದು ಬಣ್ಣದ ಇನ್ನೊಂದು ಪ್ರಭೇದ ಅಲಾಸ್ಕಾಕ್ಕೂ ಮೆಕ್ಸಿಕೊಕ್ಕೂ ನಡುವೆ ವರ್ಷ ವರ್ಷ ಹೋಗಿಬರುತ್ತದೆ.

ಗಾಳಿಯಲ್ಲಿ ಒಂದೇ ಕಡೆ ನಿಂತು, ಹಿಂದಕ್ಕೂ ಹಾರಬಲ್ಲ ಈ ಹಕ್ಕಿ ಅದಕ್ಕೆ ತೆರುವ ಬೆಲೆ ದೊಡ್ಡದು. ರೂಬಿ ಥ್ರೋಟೆಡ್ ಸೆಕೆಂಡಿಗೆ ಸುಮಾರು 50 ಸಲ ರೆಕ್ಕೆ ಬಡಿಯುತ್ತದೆ. ಹಾರುವಾಗ ಅದರ ಗುಂಡಿಗೆ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಬಾರಿ ಮಿಡಿಯುತ್ತದೆ. ಅಷ್ಟು ಶಕ್ತಿಯನ್ನು ಕೂಡಿಡಲು ಮೂರು ಗ್ರಾಮಿನ ಮೈಯಲ್ಲಿ ಜಾಗವೆಲ್ಲಿ? ಆದ್ದರಿಂದ ದಿನವಿಡೀ ಗಳಿಗೆಗೊಮ್ಮೆ ಕುಡಿಯುತ್ತಲೇ ಇರಬೇಕು. ಒಂದು ದಿನದಲ್ಲಿ ಅದು ತನ್ನ ತೂಕಕ್ಕಿಂತ ಹೆಚ್ಚು ಮಕರಂದ ಕುಡಿಯಬಲ್ಲದು. ರಾತ್ರಿ ಕುಡಿಯುವಂತಿಲ್ಲವಲ್ಲ, ಆಗ ಕೆಲವೊಮ್ಮೆ ಮೈಬಿಸಿಯನ್ನು ತಗ್ಗಿಸಿ, ಎದೆಬಡಿತವನ್ನು ನಿಧಾನಿಸಿ ಒಂದು ಬಗೆಯ ಜಡನಿದ್ರೆಗೆ ಜಾರಿ ಶಕ್ತಿ ಉಳಿಸಿಕೊಳ್ಳುತ್ತದೆ. ಬೆಳಗಿನ ಮೊದಲ ಬೆಳಕಿಗೂ ಮುಸ್ಸಂಜೆಗೂ ಫೀಡರಿನ ಬಳಿ ಓಡಾಟ ಹೆಚ್ಚಿರುವುದು ಇದೇ ಕಾರಣಕ್ಕೆ.

ಚಳಿಗಾಲವನ್ನು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದಲ್ಲಿ ಕಳೆಯುವ ರೂಬಿ ಥ್ರೋಟೆಡ್ ವಸಂತದಲ್ಲಿ ಉತ್ತರಕ್ಕೆ ಹೊರಡುತ್ತದೆ. ಹಲವು ಹಕ್ಕಿಗಳು ಮೆಕ್ಸಿಕೊ ಕೊಲ್ಲಿಯನ್ನು ನೇರವಾಗಿ ದಾಟುತ್ತವೆ. ಸುಮಾರು 800 ಕಿಲೋಮೀಟರ್ ನೀರಿನ ಮೇಲೆ, ಎಲ್ಲೂ ಇಳಿಯದೆ, ಒಂದೇ ಉಸಿರಿಗೆ. ಹೊರಡುವ ಮುನ್ನ ಕೊಬ್ಬು ತುಂಬಿಕೊಂಡು ತಮ್ಮ ತೂಕವನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿಕೊಳ್ಳುತ್ತವೆ. ಕೊಲ್ಲಿಯ ಅಂಚಿನ ಟೆಕ್ಸಾಸ್, ಲೂಸಿಯಾನಾಗಳಿಗೆ ಮಾರ್ಚ್ ಹೊತ್ತಿಗೆ ತಲುಪಿದರೆ, ಉತ್ತರದ ರಾಜ್ಯಗಳಿಗೆ ಬರುವುದು ಏಪ್ರಿಲ್ ಕೊನೆ ಅಥವಾ ಮೇ ಮೊದಲ ವಾರಗಳಲ್ಲಿ. ನಿಮ್ಮೂರಿಗೆ ಅವು ಬರುವ ಒಂದೆರಡು ವಾರ ಮೊದಲೇ ಫೀಡರ್ ತೂಗುಹಾಕಿದ್ದರೆ ಒಳ್ಳೆಯದು. ಹಿಂದಿನ ವರ್ಷ ತಾನು ಕುಡಿದ ಜಾಗವನ್ನು ನೆನಪಿಟ್ಟುಕೊಂಡು ಮತ್ತೆ ಅಲ್ಲಿಗೇ ಬರುವ ಹಕ್ಕಿಗಳಿವೆ. ಕಾಲಿಗೆ ಉಂಗುರ ತೊಡಿಸಿ ಗುರುತಿಟ್ಟವರು ಇದನ್ನು ಖಚಿತಪಡಿಸಿದ್ದಾರೆ.

ಇನ್ನು ಸಕ್ಕರೆ ನೀರಿನ ಲೆಕ್ಕ. ಒಂದು ಲೋಟ ಬಿಳಿ ಸಕ್ಕರೆಗೆ ನಾಲ್ಕು ಲೋಟ ನೀರು. ಅಷ್ಟೇ. ಈ ಹಕ್ಕಿಗಳು ಹುಡುಕಿ ಹೋಗುವ ಹೂಗಳ ಮಕರಂದದಲ್ಲಿರುವ ಮುಖ್ಯ ಸಕ್ಕರೆ ಸುಕ್ರೋಸ್. ನಮ್ಮ ಅಡುಗೆಮನೆಯ ಬಿಳಿ ಸಕ್ಕರೆಯೂ ಸುಕ್ರೋಸೇ. ಒಂದಕ್ಕೆ ನಾಲ್ಕರ ಅಳತೆಯಲ್ಲಿ ಕಲಸಿದರೆ ಅದರ ಸಿಹಿ ಮಕರಂದದ ಸಿಹಿಗೆ ಹತ್ತಿರವಾಗುತ್ತದೆ. ನೀರನ್ನು ತುಸು ಬಿಸಿಮಾಡಿ ಸಕ್ಕರೆ ಪೂರ್ತಿ ಕರಗಿಸಿ, ಚೆನ್ನಾಗಿ ಆರಿದ ಮೇಲೆ ತುಂಬಿಸಿ. ಪಾಕ ಬರಿಸುವ ಹಾಗೆ ಕುದಿಸುತ್ತ ಕೂರಬೇಡಿ, ನೀರು ಆವಿಯಾದಷ್ಟೂ ಅಳತೆ ತಪ್ಪುತ್ತದೆ. ಹೆಚ್ಚಾದುದನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಒಂದು ವಾರ ಧಾರಾಳವಾಗಿ ಬರುತ್ತದೆ.

ನಮ್ಮವರು ಇಲ್ಲಿ ಒಂದು ವಿಷಯದಲ್ಲಿ ಎಚ್ಚರ ವಹಿಸಬೇಕು. ಬಿಳಿ ಸಕ್ಕರೆ ಕೆಟ್ಟದ್ದು, ಬೆಲ್ಲ ಒಳ್ಳೆಯದು ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಗಟ್ಟಿಯಾಗಿದೆ. ಹಕ್ಕಿಗೂ ಒಳ್ಳೆಯದಾಗಲಿ ಎಂಬ ಪ್ರೀತಿಯಿಂದ ಬೆಲ್ಲದ ನೀರು ಇಡುವ ಮನಸ್ಸಾಗುವುದು ಸಹಜ. ದಯವಿಟ್ಟು ಇಡಬೇಡಿ. ಬೆಲ್ಲದಲ್ಲಿ, ಕಂದು ಸಕ್ಕರೆಯಲ್ಲಿ, ಸಂಸ್ಕರಿಸದ ‘ಆರ್ಗ್ಯಾನಿಕ್’ ಸಕ್ಕರೆಯಲ್ಲಿ ಕಬ್ಬಿಣದ ಅಂಶವಿರುತ್ತದೆ. ಮನುಷ್ಯರಿಗೆ ಹಿತವಾದ ಆ ಕಬ್ಬಿಣ ಈ ಪುಟ್ಟ ಹಕ್ಕಿಯ ಮೈಯಲ್ಲಿ ಸೇರಿಕೊಂಡು ಅದಕ್ಕೆ ಮಾರಕವಾಗಬಹುದು. ಜೇನುತುಪ್ಪವೂ ಬೇಡ. ನೀರು ಬೆರೆತ ಜೇನಿನಲ್ಲಿ ಶಿಲೀಂಧ್ರ ಬೇಗ ಬೆಳೆದು ಹಕ್ಕಿಗೆ ರೋಗ ತರುತ್ತದೆ. ಸಕ್ಕರೆ ಕಾಯಿಲೆಯವರು ಬಳಸುವ ಕೃತಕ ಸಿಹಿಯಂತೂ ಬೇಡವೇ ಬೇಡ, ಅದರಲ್ಲಿ ಹಕ್ಕಿಗೆ ಬೇಕಾದ ಶಕ್ತಿಯೇ ಇಲ್ಲ.

ಅಂಗಡಿಯಲ್ಲಿ ಸಿಗುವ ಕೆಂಪು ದ್ರಾವಣವೂ ಬೇಕಿಲ್ಲ. ಕೆಂಪು ಬಣ್ಣ ಹಕ್ಕಿಯ ಕಣ್ಣಿಗೆ ಬೀಳುವುದೇನೋ ನಿಜ, ಆದರೆ ಫೀಡರಿನ ತಳವೇ ಕೆಂಪಗಿರುವಾಗ ನೀರಿಗೆ ಬಣ್ಣ ಬೆರೆಸುವುದರಿಂದ ಏನೂ ಲಾಭವಿಲ್ಲ. ದಿನಕ್ಕೆ ತನ್ನ ತೂಕದಷ್ಟು ಕುಡಿಯುವ ಜೀವಿಯ ಹೊಟ್ಟೆಗೆ ಆ ನೀರಿನ ಜೊತೆ ರಾಸಾಯನಿಕ ಬಣ್ಣವನ್ನೂ ಇಳಿಸುವುದು ಸರಿಯಲ್ಲ. ಅಷ್ಟಕ್ಕೂ ಈ ಹಕ್ಕಿಯ ಕಣ್ಣು ನಮ್ಮ ಕಣ್ಣಿಗಿಂತ ಹೆಚ್ಚು ಬಣ್ಣ ಕಾಣುತ್ತದೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮೇರಿ ಕ್ಯಾಸ್‌ವೆಲ್ ಸ್ಟಾಡರ್ಡ್ ಮತ್ತು ಸಂಗಡಿಗರು ಕೊಲರಾಡೊದ ಬೆಟ್ಟಗಳಲ್ಲಿ ಬಣ್ಣದ ದೀಪಗಳನ್ನೂ ಸಕ್ಕರೆ ನೀರನ್ನೂ ಇಟ್ಟು ಪರೀಕ್ಷಿಸಿ, 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಬರೀ ಹಸಿರು ಬೆಳಕನ್ನೂ ನೇರಳಾತೀತ ಬೆರೆತ ಹಸಿರನ್ನೂ ಹಕ್ಕಿಗಳು ಬೇರೆ ಬೇರೆಯಾಗಿ ಗುರುತಿಸಿದವು. ನಮಗೆ ಅವೆರಡೂ ಒಂದೇ ಹಸಿರು. ಇಂಥ ಕಣ್ಣಿಗೆ ಸಕ್ಕರೆ ನೀರಿನ ಜಾಗ ತೋರಿಸಲು ಬಣ್ಣದ ಪುಡಿ ಬೇಕಾಗಿಲ್ಲ.

ಸಿಹಿಯ ವಿಷಯದಲ್ಲೂ ಈ ಹಕ್ಕಿ ವಿಶೇಷ. ಸಸ್ತನಿಗಳ ನಾಲಿಗೆಗೆ ಸಿಹಿ ತಿಳಿಯಲು ನೆರವಾಗುವ ಒಂದು ಜೀನ್ ಹಕ್ಕಿಗಳಲ್ಲಿ ಬಹು ಹಿಂದೆಯೇ ಕಳೆದುಹೋಗಿದೆ. ಹಮ್ಮಿಂಗ್‌ಬರ್ಡ್‌ನಲ್ಲಿ ಮಾಂಸದ ಸಾರಿನಂಥ ರುಚಿಯನ್ನು ಗುರುತಿಸುತ್ತಿದ್ದ ಗ್ರಾಹಕವೇ ಕಾಲಾಂತರದಲ್ಲಿ ಮಾರ್ಪಟ್ಟು ಸಕ್ಕರೆಯನ್ನು ಗುರುತಿಸತೊಡಗಿತೆಂದು ಮೋಡ್ ಬಾಲ್ಡ್‌ವಿನ್ ಅವರ ತಂಡ 2014ರಲ್ಲಿ ತೋರಿಸಿಕೊಟ್ಟಿತು. ಅದರ ನಾಲಿಗೆಯ ಕೆಲಸವೂ ಬೆರಗಿನದು. ಸೀಳಿದ ತುದಿಯ ಆ ನಾಲಿಗೆಗೆ ಮಕರಂದ, ಸಪೂರ ಕೊಳವೆಯಲ್ಲಿ ನೀರು ತಾನಾಗಿ ಏರುವಂತೆ ಏರುತ್ತದೆ ಎಂದು ಬಹುಕಾಲ ನಂಬಲಾಗಿತ್ತು. ಕನೆಕ್ಟಿಕಟ್ ವಿಶ್ವವಿದ್ಯಾಲಯದ ಅಲೆಹಾಂದ್ರೊ ರಿಕೊ ಗೆವಾರಾ ಮತ್ತು ಮಾರ್ಗರೆಟ್ ರುಬೇಗಾ ವೇಗದ ಕ್ಯಾಮೆರಾ ಇಟ್ಟು ನೋಡಿದಾಗ ಬೇರೆಯೇ ಕಂಡಿತು. ಕೊಕ್ಕಿನಿಂದ ಹೊರಬರುವಾಗ ಚಪ್ಪಟೆಯಾಗಿ ಒತ್ತಿಕೊಂಡಿರುವ ನಾಲಿಗೆ ಮಕರಂದವನ್ನು ಮುಟ್ಟಿದೊಡನೆ ಅರಳಿಕೊಳ್ಳುತ್ತದೆ, ಅರಳುವ ರಭಸಕ್ಕೇ ದ್ರವ ಒಳಗೆ ಸೇರುತ್ತದೆ. ಸೆಕೆಂಡಿಗೆ ಹತ್ತಾರು ಸಲ ಹೀಗೆ ನಾಲಿಗೆ ಹೊರಗೂ ಒಳಗೂ ಹೋಗಿ ಬರುತ್ತದೆ. ಫೀಡರಿನ ತೂತಿನಲ್ಲಿ ಬೂಷ್ಟು ಕಟ್ಟಿದ್ದರೆ ಆ ನಾಲಿಗೆ ಪ್ರತಿ ಸಲವೂ ಅದನ್ನೇ ಸವರಿಕೊಂಡು ಬರುತ್ತದೆ ಎಂಬುದನ್ನು ಮರೆಯಬಾರದು.

ಬೇಸಿಗೆಯ ಫೀಡರಿನ ದೊಡ್ಡ ಪ್ರಶ್ನೆಯೇ ಇದು. ಸಕ್ಕರೆ ನೀರು ಬಿಸಿಲಿಗೆ ಬೇಗ ಹಳಸುತ್ತದೆ. ಗಾಳಿಯಲ್ಲಿರುವ ಯೀಸ್ಟ್ ಅದರಲ್ಲಿ ಸೇರಿ ಹುಳಿ ಬರಿಸುತ್ತದೆ, ಆಲ್ಕೋಹಾಲ್ ಹುಟ್ಟುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್‌ಲಿಯಲ್ಲಿ ರಾಬರ್ಟ್ ಡಡ್ಲಿ ಅವರ ತಂಡ ಆನಾಸ್ ಹಮ್ಮಿಂಗ್‌ಬರ್ಡ್‌ಗಳ ಮುಂದೆ ಬೇರೆ ಬೇರೆ ಪ್ರಮಾಣದ ಆಲ್ಕೋಹಾಲ್ ಬೆರೆಸಿದ ಸಕ್ಕರೆ ನೀರು ಇಟ್ಟು ನೋಡಿತು. ಶೇಕಡಾ 1ರವರೆಗೆ ಅವು ಎಂದಿನಂತೆ ಕುಡಿದವು, ಶೇಕಡಾ 2 ಆದಾಗ ಕುಡಿಯುವುದು ಅರ್ಧಕ್ಕಿಳಿಯಿತು. ತುಸು ಹುಳಿ ಬಂದ ನೀರನ್ನೂ ಹಕ್ಕಿ ಬಿಡದೆ ಕುಡಿಯುತ್ತದೆ ಎಂದಾಯಿತು. ಆದ್ದರಿಂದ ‘ಹಕ್ಕಿ ಕುಡಿಯುತ್ತಿದೆಯಲ್ಲ, ನೀರು ಚೆನ್ನಾಗಿಯೇ ಇರಬೇಕು’ ಎಂದುಕೊಂಡು ಸುಮ್ಮನಿರುವಂತಿಲ್ಲ. ನೀರು ಮಬ್ಬಾದರೆ, ನೊರೆಯೋ ಎಳೆ ಎಳೆಯಾದ ಪೊರೆಯೋ ಕಂಡರೆ, ಒಳಗೆ ಕಪ್ಪು ಚುಕ್ಕೆ ಮೂಡಿದರೆ ತಕ್ಷಣ ಚೆಲ್ಲಿಬಿಡಿ. ಬೇಸಿಗೆಯಲ್ಲಿ ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ಬಿಸಿಲು 32 ಡಿಗ್ರಿ ಸೆಲ್ಷಿಯಸ್ ದಾಟಿದರೆ ದಿನವೂ ಬದಲಿಸಿ. ಬದಲಿಸುವಾಗ ಹಳೆಯ ನೀರಿನ ಮೇಲೆ ಹೊಸದನ್ನು ಸುರಿಯಬೇಡಿ. ಬಾಟಲಿ ಬಿಚ್ಚಿ, ಬಿಸಿನೀರಿನಲ್ಲಿ ಬ್ರಷ್ ಹಾಕಿ ಉಜ್ಜಿ, ಪ್ಲಾಸ್ಟಿಕ್ ಹೂವಿನ ತೂತುಗಳನ್ನು ಸಣ್ಣ ಬ್ರಷ್ಷಿನಿಂದ ತಿಕ್ಕಿ, ಆಮೇಲೆ ತುಂಬಿಸಿ. ಜಿಗುಟು ಹೋಗದಿದ್ದರೆ ವಿನಿಗರ್ ಬೆರೆಸಿದ ನೀರಿನಲ್ಲಿ ನೆನೆಹಾಕಿ, ಬಳಿಕ ಚೆನ್ನಾಗಿ ಜಾಲಾಡಿಸಿ.

ಫೀಡರ್ ಕೊಳ್ಳುವಾಗಲೂ ಇದನ್ನೇ ನೋಡಿ. ಅಂದಕ್ಕಿಂತ ಬಿಚ್ಚಿ ತೊಳೆಯುವ ಅನುಕೂಲ ಮುಖ್ಯ. ಅಂಗಡಿಯಲ್ಲಿ ಮಾರುವ ಫೀಡರ್ ಮೊದಲು ಬಂದದ್ದು 1950ರಲ್ಲಿ, ನ್ಯೂಯಾರ್ಕ್ ರಾಜ್ಯದ ಮದೀನಾ ಊರಿನ ಕಂಪನಿಯೊಂದರಿಂದ. ಅಲ್ಲಿಂದೀಚೆಗೆ ನೂರಾರು ವಿನ್ಯಾಸಗಳು ಬಂದಿವೆ. ಮಣಿಗಳನ್ನು ಪೋಣಿಸಿ ಸಿಂಗರಿಸಿದ, ಕತ್ತು ಕಿರಿದಾದ ಗಾಜಿನ ಬಾಟಲಿಗಿಂತ ಅಗಲ ಬಾಯಿಯ, ತಟ್ಟೆಯಾಕಾರದ ಸಾದಾ ಫೀಡರ್ ಮೇಲು. ತಟ್ಟೆಯಾಕಾರದ್ದರಲ್ಲಿ ನೀರಿನ ಮಟ್ಟ ತೂತಿಗಿಂತ ಕೆಳಗಿರುವುದರಿಂದ ಹಕ್ಕಿಯ ಉದ್ದ ನಾಲಿಗೆಗೆ ಎಟಕುತ್ತದೆ, ಜೇನ್ನೊಣಕ್ಕೆ ಎಟಕುವುದಿಲ್ಲ. ನೀರು ಸೋರುವುದೂ ಕಡಿಮೆ. ದೊಡ್ಡ ಬಾಟಲಿ ತಂದು ಅರ್ಧ ನೀರು ಚೆಲ್ಲುವ ಬದಲು ಎರಡು ದಿನದಲ್ಲಿ ಖಾಲಿಯಾಗುವಷ್ಟು ಚಿಕ್ಕದನ್ನು ತನ್ನಿ. ಹಳದಿ ಬಣ್ಣ ಜೇನ್ನೊಣ, ಕಣಜಗಳನ್ನು ಸೆಳೆಯುತ್ತದೆ, ಆದ್ದರಿಂದ ಹಳದಿ ಹೂಗಳಿರುವ ಫೀಡರ್ ಬೇಡ. ಇರುವೆಗೆ ಔಷಧಿ ಹೊಡೆಯುವುದಾಗಲಿ ಸರಿಗೆಗೆ ಎಣ್ಣೆ ಸವರುವುದಾಗಲಿ ಸಲ್ಲದು, ಎಣ್ಣೆ ಗರಿಗಂಟಿದರೆ ಹಕ್ಕಿಯ ಗತಿ ಮುಗಿಯಿತು. ಫೀಡರಿನ ಮೇಲೆ ಒಂದು ಪುಟ್ಟ ಬಟ್ಟಲು ಕಟ್ಟಿ ಅದರ ತುಂಬ ನೀರು ಹಾಕಿದರೆ ಸಾಕು. ಸಕ್ಕರೆ ಡಬ್ಬಿಯನ್ನು ನೀರಿನ ತಟ್ಟೆಯಲ್ಲಿಡುವ ನಮ್ಮ ಅಜ್ಜಿಯರ ಉಪಾಯವೇ ಇದು.

ತೂಗುಹಾಕುವ ಜಾಗದಲ್ಲಿ ನೆರಳಿರಲಿ, ಮಧ್ಯಾಹ್ನದ ಬಿಸಿಲು ತಾಗದಿದ್ದರೆ ನೀರು ಬೇಗ ಕೆಡುವುದಿಲ್ಲ. ಹತ್ತಿರದಲ್ಲಿ ಹಕ್ಕಿ ಕೂರಲು ಮರವೋ ಪೊದೆಯೋ ಇರಲಿ. ಬೆಕ್ಕು ನೆಗೆಯುವ ಎತ್ತರದಲ್ಲಿ ಇರದಿರಲಿ. ಗಾಜಿನ ಕಿಟಕಿಯ ಹತ್ತಿರ ಹಾಕುವುದಾದರೆ ಒಂದು ಮೀಟರಿಗಿಂತ ಒಳಗೆ ಹಾಕಿ. ಅಷ್ಟು ಹತ್ತಿರದಿಂದ ಹೊರಟ ಹಕ್ಕಿ ಗಾಜಿಗೆ ತಾಗಿದರೂ ವೇಗ ಇರುವುದಿಲ್ಲ. ತೀರಾ ಹತ್ತಿರವೂ ಅಲ್ಲದ, ತುಂಬ ದೂರವೂ ಅಲ್ಲದ ನಡುವಣ ಅಂತರವೇ ಅಪಾಯದ್ದು. ಫೀಡರಿನ ಮೇಲೆ ಸೂರ್ಯನ ಕುದುರೆ ಹುಳು, ಅಂದರೆ ಮ್ಯಾಂಟಿಸ್, ಹೊಂಚು ಹಾಕಿ ಕೂತಿದೆಯೇ ಎಂದೂ ಗಮನಿಸಿ. ದೊಡ್ಡ ಮ್ಯಾಂಟಿಸ್ ಹಮ್ಮಿಂಗ್‌ಬರ್ಡನ್ನು ಹಿಡಿದು ತಿನ್ನಬಲ್ಲದು. ಕಂಡರೆ ಕೊಲ್ಲದೆ ದೂರದ ಗಿಡಕ್ಕೆ ಸಾಗಿಸಿ.

ಇಷ್ಟು ಚಿಕ್ಕ ಹಕ್ಕಿಗೆ ಅಷ್ಟು ದೊಡ್ಡ ಜಗಳಗಂಟಿತನ! ಒಂದು ಗಂಡು ಫೀಡರನ್ನು ತನ್ನದೆಂದು ಸಾರಿ, ಬಂದವರನ್ನೆಲ್ಲ ಅಟ್ಟಿಸಿಕೊಂಡು ಹೋಗುತ್ತದೆ. ಮಕರಂದವಿರುವ ಹೂವಿನ ಪೊದೆಯನ್ನು ಕಾಯುವುದು ಅದರ ಬದುಕಿನ ದಾರಿ, ಅದನ್ನು ದುಷ್ಟತನವೆಂದು ತಿಳಿಯಬಾರದು. ಉಳಿದವಕ್ಕೂ ಪಾಲು ಸಿಗಬೇಕೆಂದರೆ ಮನೆಯ ಮುಂದೊಂದು ಹಿಂದೊಂದು, ಒಂದರಿಂದ ಇನ್ನೊಂದು ಕಾಣದ ಹಾಗೆ ಎರಡು ಚಿಕ್ಕ ಫೀಡರ್ ಹಾಕಿ. ಒಬ್ಬ ಕಾವಲುಗಾರ ಎರಡು ಕಡೆ ಕಾಯಲಾರ.

ಜೂನ್ ಹೊತ್ತಿಗೆ ಹಕ್ಕಿ ಬರುವುದು ಕಡಿಮೆಯಾಯಿತೆಂದು ಹಲವರು ಬೇಸರಗೊಂಡು ಫೀಡರ್ ತೆಗೆದಿಡುತ್ತಾರೆ. ಆ ಸಮಯದಲ್ಲಿ ಹೆಣ್ಣು ಹಕ್ಕಿ ಗೂಡಿನಲ್ಲಿರುತ್ತದೆ. ಗೂಡು ಕಟ್ಟುವುದು, ಕಾವು ಕೊಡುವುದು, ಮರಿಗೆ ಉಣಿಸುವುದು ಎಲ್ಲ ಅವಳೊಬ್ಬಳದೇ ಪಾಡು. ಗಂಡಿನ ನೆರವು ಕೊಂಚವೂ ಇಲ್ಲ. ಗಿಡದ ನಾರು, ನವಿರು ತುಪ್ಪುಳಗಳನ್ನು ಜೇಡರಬಲೆಯ ಎಳೆಯಿಂದ ಬಿಗಿದು, ಹೊರಮೈಗೆ ಕಲ್ಲುಹೂವಿನ ಚೂರು ಅಂಟಿಸಿ ಅವಳು ಕಟ್ಟುವ ಗೂಡು ಮರಿ ಬೆಳೆದಂತೆ ಹಿಗ್ಗುತ್ತದೆ. ಅದರಲ್ಲಿ ಸಾಮಾನ್ಯವಾಗಿ ಎರಡು ಮೊಟ್ಟೆ, ಒಂದೊಂದೂ ಒಂದು ಸೆಂಟಿಮೀಟರಿಗಿಂತ ತುಸು ಉದ್ದ. ತಾಳ್ಮೆಯಿಂದ ನೀರು ಬದಲಿಸುತ್ತಿದ್ದರೆ ಜುಲೈ, ಆಗಸ್ಟ್ ಹೊತ್ತಿಗೆ ಹಾರಲು ಕಲಿತ ಮರಿಗಳೂ ಸೇರಿ ಹಿತ್ತಲು ಮತ್ತೆ ಗಿಜಿಗುಡುತ್ತದೆ.

ಆ ಮರಿಗಳನ್ನು ಬೆಳೆಸುವುದು ಸಕ್ಕರೆ ನೀರಲ್ಲ. ಸಕ್ಕರೆ ಹಾರಾಟಕ್ಕೆ ಬೇಕಾದ ಶಕ್ತಿ ಕೊಡುತ್ತದೆ, ಮೂಳೆ ಮಾಂಸ ಗರಿಗಳನ್ನು ಕೊಡುವುದಿಲ್ಲ. ಅವುಗಳಿಗೆ ಬೇಕಾದ ಪ್ರೋಟೀನ್ ಬರುವುದು ನುಸಿ, ಹಣ್ಣುನೊಣ, ಗಿಡಹೇನು, ಪುಟ್ಟ ಜೇಡಗಳಿಂದ. ತಾಯಿ ದಿನವಿಡೀ ಹಿಡಿದು ತರುವುದು ಇವನ್ನೇ. ಹಾಗಾಗಿ ಒಂದು ಕಡೆ ಫೀಡರ್ ತೂಗುಹಾಕಿ ಇನ್ನೊಂದು ಕಡೆ ಹುಲ್ಲಿಗೂ ಗಿಡಕ್ಕೂ ಕೀಟನಾಶಕ ಹೊಡೆಸಿದರೆ ಹಕ್ಕಿಯ ಊಟದ ಅರ್ಧವನ್ನು ನಾವೇ ಕಿತ್ತುಕೊಂಡ ಹಾಗೆ. ಜೇಡರಬಲೆಯನ್ನೆಲ್ಲ ಗುಡಿಸಿ ಹಾಕಿದರೆ ಗೂಡು ಕಟ್ಟುವ ಸಾಮಗ್ರಿಯೂ ಹೋಯಿತು. ಹಿತ್ತಲಿನ ಒಂದು ಮೂಲೆಯಾದರೂ ಕೊಂಚ ಕಾಡಾಗಿ ಬೆಳೆಯಲಿ.

ಫೀಡರಿಗಿಂತ ಗಟ್ಟಿಯಾದ ಆಹ್ವಾನವೆಂದರೆ ಅಲ್ಲಿನ ನೆಲದ ಹೂಗಿಡಗಳು. ಪೂರ್ವದ ರಾಜ್ಯಗಳಲ್ಲಿ ಹಕ್ಕಿ ಬರುವ ಹೊತ್ತಿಗೆ ಕೆಂಪು ಕೊಲಂಬೈನ್ ಅರಳಿರುತ್ತದೆ, ಜೊತೆಗೆ ಕೋರಲ್ ಹನಿಸಕಲ್ ಬಳ್ಳಿಯೂ ಹೂಬಿಡುತ್ತದೆ. ನಡುಬೇಸಿಗೆಗೆ ಬೀ ಬಾಮ್ ಮತ್ತು ಟ್ರಂಪೆಟ್ ಕ್ರೀಪರ್, ಜುಲೈನಿಂದಾಚೆ ಕಾರ್ಡಿನಲ್ ಫ್ಲವರ್. ಹಕ್ಕಿಗಳು ದಕ್ಷಿಣಕ್ಕೆ ಹೊರಡುವ ಹೊತ್ತಿಗೆ ಸರಿಯಾಗಿ ತೊರೆಯ ಬದಿಯಲ್ಲಿ ಜ್ಯೂವೆಲ್‌ವೀಡ್ ಅರಳುತ್ತದೆ, ಅದು ನಮ್ಮ ಕರ್ಣಕುಂಡಲದ ಹತ್ತಿರದ ಬಂಧು. ಇವುಗಳಲ್ಲಿ ಹೆಚ್ಚಿನವು ಕೊಳವೆಯಾಕಾರದ ಕೆಂಪು ಹೂಗಳು. ಜೇನ್ನೊಣದ ಕಣ್ಣಿಗೆ ಕೆಂಪು ಸರಿಯಾಗಿ ಕಾಣದು, ಹಾಗಾಗಿ ಅವುಗಳ ಮಕರಂದ ಹಕ್ಕಿಗೆ ಉಳಿಯುತ್ತದೆ. ಪ್ರತಿಯಾಗಿ ಹಕ್ಕಿ ತನ್ನ ಹಣೆಯಲ್ಲಿ ಪರಾಗ ಹೊತ್ತು ಇನ್ನೊಂದು ಹೂವಿಗೆ ಮುಟ್ಟಿಸುತ್ತದೆ. ಎಷ್ಟೋ ಕನ್ನಡಿಗರು ಪೂಜೆಗೆಂದು ಕುಂಡದಲ್ಲಿ ಬೆಳೆಸುವ ದಾಸವಾಳಕ್ಕೂ ಈ ಹಕ್ಕಿ ಬರುತ್ತದೆ. ಗಿಡ ಕೊಳ್ಳುವಾಗ ನರ್ಸರಿಯಲ್ಲಿ ಕೀಟನಾಶಕ ಬಳಸಿದ್ದಾರೆಯೇ ಎಂದು ಕೇಳಿ ತನ್ನಿ. ಜಪಾನೀಸ್ ಹನಿಸಕಲ್ ಮಾತ್ರ ನೆಡಬೇಡಿ, ಅದು ಅಲ್ಲಿನ ಕಾಡನ್ನು ನುಂಗುತ್ತಿರುವ ಕಳೆ.

ಶರತ್ಕಾಲದಲ್ಲಿ ಫೀಡರ್ ಇಟ್ಟರೆ ಹಕ್ಕಿ ವಲಸೆಯನ್ನೇ ಮರೆತು ಚಳಿಗೆ ಸಿಕ್ಕಿ ಸಾಯುತ್ತದೆ ಎಂಬ ಮಾತು ಬಹಳ ಕಡೆ ಕೇಳಿಬರುತ್ತದೆ. ಅದು ನಿಜವಲ್ಲ. ಹಗಲು ಕಿರಿದಾಗುವುದೇ ಅದಕ್ಕೆ ಹೊರಡುವ ಸೂಚನೆ. ಹೊರಡುವ ಮುನ್ನ ಕೊಬ್ಬು ತುಂಬಿಕೊಳ್ಳಲು, ಇನ್ನೂ ಉತ್ತರದಿಂದ ಬರುವ ದಣಿದ ಹಕ್ಕಿಗಳಿಗೆ ಆಸರೆಯಾಗಲು ಆಗಲೇ ಫೀಡರ್ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಟೆಕ್ಸಾಸ್ ಕರಾವಳಿಯ ರಾಕ್‌ಪೋರ್ಟ್‌ನಲ್ಲಿ ಪ್ರತಿ ಸೆಪ್ಟೆಂಬರ್‌ನಲ್ಲಿ ಈ ದಂಡಯಾತ್ರೆಯನ್ನು ನೋಡಲೆಂದೇ ಜನ ಸೇರಿ ಹಬ್ಬ ಮಾಡುತ್ತಾರೆ. ಕೊನೆಯ ಹಕ್ಕಿ ಕಂಡ ಎರಡು ವಾರದ ಬಳಿಕ ಫೀಡರ್ ತೆಗೆದಿಟ್ಟರೆ ಸರಿ.

ನಮ್ಮ ಸಕ್ಕರೆ ನೀರು ಹಕ್ಕಿಯ ಬದುಕನ್ನು ಬದಲಿಸುತ್ತಿಲ್ಲವೇ? ಬದಲಿಸುತ್ತಿದೆ. ಆನಾಸ್ ಹಮ್ಮಿಂಗ್‌ಬರ್ಡ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ಮತ್ತು ಮೆಕ್ಸಿಕೊದ ಬಾಹಾ ಸುತ್ತಮುತ್ತ ಮರಿ ಮಾಡುತ್ತಿತ್ತು. ಹೊರಗಿನಿಂದ ತಂದು ನೆಟ್ಟ ನೀಲಗಿರಿ ಮರ, ಹಿತ್ತಲ ಹೂಗಿಡ, ಫೀಡರ್‌ಗಳ ಬೆಂಬಲದಿಂದ ಇಂದು ಅದು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲೂ ಚಳಿಗಾಲ ಕಳೆಯುತ್ತಿದೆ. ಫೀಡರ್ ಹೆಚ್ಚಿರುವ ಕಡೆಗಳಲ್ಲಿ ಅದರ ಕೊಕ್ಕಿನ ಆಕಾರವೇ ತಲೆಮಾರುಗಳಲ್ಲಿ ಬದಲಾಗಿದೆಯೆಂದು 2025ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಲಕ್ಷಾಂತರ ಹಿತ್ತಲುಗಳು ಸೇರಿ ಒಂದು ಜೀವಿಯ ದಿಕ್ಕನ್ನೇ ತಿರುಗಿಸುವಷ್ಟು ಬಲ ಪಡೆದಿವೆ. ಅಷ್ಟು ಬಲವಿರುವ ಕೈ ಶುಚಿಯಾಗಿರಬೇಕು.

ಕರ್ನಾಟಕದಲ್ಲಿ ಹಮ್ಮಿಂಗ್‌ಬರ್ಡ್ ಇಲ್ಲ. ಹೂವಿನ ಮುಂದೆ ರೆಕ್ಕೆ ಬಡಿಯುತ್ತ ನಿಂತದ್ದನ್ನು ಕಂಡು ಹಾಗೆಂದುಕೊಳ್ಳುವುದು ಸೂರಕ್ಕಿಯನ್ನು, ಕೆಲವೊಮ್ಮೆ ಹಾಕ್‌ಮಾತ್ ಎಂಬ ಪತಂಗವನ್ನು. ಸೂರಕ್ಕಿ ಬೇರೆಯೇ ಕುಟುಂಬದ್ದು, ಹೂವಿನ ಬದುಕು ಎರಡನ್ನೂ ಒಂದೇ ಅಚ್ಚಿಗೆ ತಂದಿದೆ. ಆದರೆ ಜರ್ಮನಿಯಲ್ಲಿ 3 ಕೋಟಿ ವರ್ಷಕ್ಕೂ ಹಳೆಯ ಹಮ್ಮಿಂಗ್‌ಬರ್ಡ್ ಪಳೆಯುಳಿಕೆ ಸಿಕ್ಕಿರುವುದನ್ನು ಗೆರಾಲ್ಡ್ ಮೈರ್ 2004ರಲ್ಲಿ ಪ್ರಕಟಿಸಿದರು. ಅಂದರೆ ಇವುಗಳ ಪುರಾತನ ಬಂಧುಗಳು ಒಂದು ಕಾಲಕ್ಕೆ ನಮ್ಮ ಗೋಳಾರ್ಧದಲ್ಲೂ ಇದ್ದವು. ನಮ್ಮ ಸೂರಕ್ಕಿಗೆ ಬೆಂಗಳೂರಿನ ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಬಾಟಲಿ ಬೇಕಿಲ್ಲ. ವರ್ಷದ ಹೆಚ್ಚು ಕಾಲ ಏನಾದರೊಂದು ಹೂವಿರುವ ನಾಡು ನಮ್ಮದು, ಒಂದು ದಾಸವಾಳ ಒಂದು ಕೇಪುಳ ಇಟ್ಟರೆ ಅದು ತಾನಾಗಿ ಬರುತ್ತದೆ.

ಅಮೆರಿಕದಲ್ಲಿರುವ ನಮ್ಮವರು ಈ ಬೇಸಿಗೆ ಫೀಡರ್ ಕೊಳ್ಳುವ ಮುನ್ನ, ಎರಡು ದಿನಕ್ಕೊಮ್ಮೆ ಅದನ್ನು ಬಿಚ್ಚಿ ತೊಳೆಯುವವರು ಯಾರೆಂದು ಮನೆಯಲ್ಲಿ ಮಾತಾಡಿಕೊಳ್ಳಲಿ. ಊರಿಗೆ ಹೋದಾಗ, ಅಪ್ಪ ಅಮ್ಮ ಭಾರತಕ್ಕೆ ಮರಳಿದ ಮೇಲೆ ಆ ಕೆಲಸ ಯಾರದೆಂದೂ ಗೊತ್ತಿರಲಿ. ಹೊಣೆ ಹೊರುವವರು ಇದ್ದರೆ ಧೈರ್ಯವಾಗಿ ಕೊಳ್ಳಿ, ಮಕ್ಕಳ ಕೈಯಲ್ಲೇ ಸಕ್ಕರೆ ಅಳೆಯಿಸಿ. ಇಲ್ಲದಿದ್ದರೆ ಅದೇ ಹಣಕ್ಕೆ ಒಂದು ಕೋರಲ್ ಹನಿಸಕಲ್ ಬಳ್ಳಿ ತಂದು ಬೇಲಿಯ ಬುಡದಲ್ಲಿ ನೆಡಿ. ಅದನ್ನು ತಿಕ್ಕಿ ತೊಳೆಯಬೇಕಿಲ್ಲ, ಅಳತೆ ತಪ್ಪುವ ಭಯವಿಲ್ಲ, ಪ್ರತಿ ವಸಂತದಲ್ಲೂ ಅದರ ಬಟ್ಟಲು ತಾನಾಗಿ ತುಂಬುತ್ತದೆ.